ಕಕ್ಕಡದ ಮಳೆಗೆ ಬೀಳುವ ಬ್ರೇಕರ್: ಸಣ್ಣ ಕರೆಂಟು ಯಾರ ಕಣ್ಣಿಗೆ ಬೀಳುತ್ತದೆ?

ಕೊಡಗಿನಲ್ಲಿ ಆರಿದ್ರ ಮಳೆ ಹಿಡಿದುಕೊಂಡು, ಜೋರು ಮಳೆಯ ಕಕ್ಕಡ ತಿಂಗಳು ಬಂದ ಮೇಲೆ ಕರೆಂಟಿನ ಬಗ್ಗೆ ಎರಡು ಮಾತು ಎಲ್ಲರ ಮನೆಯಲ್ಲೂ ಕೇಳಿಸುತ್ತವೆ. ಒಂದು 'ಕರೆಂಟ್ ಹೋಯ್ತು'. ಇನ್ನೊಂದು 'ಮತ್ತೆ ಬಿತ್ತು'. ಕರೆಂಟ್ ಹೋದರೆ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಎಲ್ಲೋ ಬೈನೆ ಮರ ಬಿದ್ದಿರುತ್ತದೆ, ಇಲ್ಲವೇ ಆನೆ ಬೀಳಿಸಿರುತ್ತದೆ. ಲೈನ್‌ಮನ್ ಬಂದು ಸರಿಮಾಡುವ ತನಕ ಇನ್ವರ್ಟರ್ ಇದೆ, ಅದೂ ಮುಗಿದರೆ ಮೇಣದಬತ್ತಿ ಇದೆ. 'ಮತ್ತೆ ಬಿತ್ತು' ಅನ್ನುವುದು ಬೇರೆ ಸಂಗತಿ. ಲೈನಿನಲ್ಲಿ ಕರೆಂಟ್ ಇದೆ, ಪಕ್ಕದ ಮನೆಯಲ್ಲಿ ದೀಪ ಉರಿಯುತ್ತಿದೆ, ನಮ್ಮ ಬೋರ್ಡಿನ ಬ್ರೇಕರ್ ಮಾತ್ರ ಕೆಳಗೆ ಬಿದ್ದಿದೆ. ಎತ್ತಿದರೆ ನಿಲ್ಲುವುದಿಲ್ಲ.

ಎರಡು ದಿನ ಸಹಿಸಿಕೊಳ್ಳುತ್ತೇವೆ. ಮೂರನೇ ದಿನ ಯಾರನ್ನೋ ಕರೆಸುತ್ತೇವೆ. ಅವರು ಗೇಣುದ್ದದ ತಂತಿಯೊಂದನ್ನು ಬ್ರೇಕರಿನ ಮೇಲಿಂದ ಕೆಳಕ್ಕೆ ಕಟ್ಟಿ, 'ಇನ್ನು ಬೀಳಲ್ಲ' ಅಂದು ಹೋಗುತ್ತಾರೆ. ನಿಜ, ಆಮೇಲೆ ಬೀಳುವುದೇ ಇಲ್ಲ. ನನಗೆ ಭಯ ಹುಟ್ಟಿಸುವುದು ಆ ಗೇಣುದ್ದದ ತಂತಿಯೇ.

ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿ, ಆಮೇಲೆ ತೋಟಕ್ಕೆ ಬಂದವನು. ಅಕ್ಕಪಕ್ಕದವರು ಬೋರ್ಡ್ ಕೆಟ್ಟರೆ ಕರೆಯುತ್ತಾರೆ, ಹೋಗುತ್ತೇನೆ. ಹತ್ತಾರು ಮಳೆಗಾಲ ಹೀಗೆ ಟಾರ್ಚ್ ಹಿಡಿದು ಬೋರ್ಡ್ ಬಿಚ್ಚಿ ನೋಡಿದ ಮೇಲೆ ಒಂದು ಸಂಗತಿ ಮನದಟ್ಟಾಗಿದೆ. ಬ್ರೇಕರ್ ಹುಟ್ಟಿದ್ದು ದೊಡ್ಡ ಕರೆಂಟನ್ನು ನಿಲ್ಲಿಸುವುದಕ್ಕೆ. ನಮ್ಮ ಈ ಒದ್ದೆ ಗುಡ್ಡದ ಊರಿನಲ್ಲಿ ಜೀವ ತೆಗೆಯುವುದು ಸಣ್ಣ ಕರೆಂಟು. ಇವೆರಡರ ನಡುವಿನ ಅಂತರ ಅರ್ಥವಾಗದೆ ಹೋದರೆ, ಬೋರ್ಡಿನ ತುಂಬ ಬ್ರೇಕರ್ ಇದ್ದೂ ನಮ್ಮನ್ನು ಕಾಯುವವರು ಯಾರೂ ಇರುವುದಿಲ್ಲ.

ಮೊದಲು ಎಂಸಿಬಿಯನ್ನೇ, ಅಂದರೆ ಮನೆಯ ಬೋರ್ಡಿನಲ್ಲಿರುವ ಮಾಮೂಲಿ ಪುಟ್ಟ ಬ್ರೇಕರನ್ನೇ, ಬಿಚ್ಚಿ ನೋಡೋಣ. ನಮ್ಮ ಪಂಪ್ ಹೌಸಿನಲ್ಲಿ ಸುಟ್ಟು ಹೋದದ್ದೊಂದನ್ನು ರಿವೆಟ್ ಕೊರೆದು ತೆರೆದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ, ಒಳಗೆ ಎಷ್ಟೊಂದು ಕೆಲಸ! ಒಂದು ಕಡೆ ಬೆರಳಿನಷ್ಟು ಉದ್ದದ ಲೋಹದ ಪಟ್ಟಿ. ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದು ಮಾಡಿದ್ದು. ಬಿಸಿಯಾದರೆ ಒಂದು ಲೋಹ ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಹಾಗಾಗಿ ಪಟ್ಟಿ ಬಾಗುತ್ತದೆ. ಬಾಗಿ ಬಾಗಿ ಒಂದು ಕೊಕ್ಕೆಯನ್ನು ತಳ್ಳುತ್ತದೆ, ಕೊಕ್ಕೆ ಜಾರಿದರೆ ಸ್ಪ್ರಿಂಗ್ ಎಳೆದು ಕಾಂಟ್ಯಾಕ್ಟ್ ಬಿಡಿಸುತ್ತದೆ. ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ ಒಂದೇ ಸಲ ಹಾಕಿ ಒಂದಷ್ಟು ಹೊತ್ತಿನ ಮೇಲೆ ಬ್ರೇಕರ್ ಬಿದ್ದರೆ ಅದು ಈ ಪಟ್ಟಿಯ ಕೆಲಸ. ಇದಕ್ಕೆ ಅವಸರ ಇಲ್ಲ. 16 ಆಂಪ್ಸ್ ಎಂಸಿಬಿ ಅಂದರೆ 16 ದಾಟಿದ ತಕ್ಷಣ ಬೀಳುತ್ತದೆ ಅಂದುಕೊಂಡಿರುತ್ತೇವೆ, ಅಲ್ವಾ? ನಿಯಮ ಹಾಗಿಲ್ಲ. ಬರೆದ ಅಂಕಿಯ 1.13 ಪಟ್ಟು ಹರಿದರೆ ಒಂದು ಗಂಟೆಯವರೆಗೆ ಬೀಳಬಾರದು, 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ಅಂದರೆ 23 ಆಂಪ್ಸ್ ಹರಿದರೂ ಅದು ಮುಕ್ಕಾಲು ಗಂಟೆ ಸುಮ್ಮನೆ ಕೂತಿರಬಹುದು.

ಪಟ್ಟಿಯ ಪಕ್ಕದಲ್ಲಿ ದಪ್ಪ ತಾಮ್ರದ ತಂತಿಯ ಸುರುಳಿ, ಅದರ ನಡುವೆ ಒಂದು ಕಬ್ಬಿಣದ ಕಡ್ಡಿ. ಶಾರ್ಟ್ ಆದಾಗ ಕರೆಂಟ್ ನೂರಾರು ಆಂಪ್ಸ್‌ಗೆ ಏರುತ್ತದೆ, ಸುರುಳಿ ಅಯಸ್ಕಾಂತವಾಗಿ ಕಡ್ಡಿಯನ್ನು ಫಟ್ಟನೆ ಎಳೆಯುತ್ತದೆ. ಇಲ್ಲಿ ಗಂಟೆ, ನಿಮಿಷದ ಮಾತಿಲ್ಲ. ಸೆಕೆಂಡಿನ ನೂರನೇ ಒಂದು ಪಾಲಿನಷ್ಟರಲ್ಲಿ ಕೆಲಸ ಮುಗಿಯುತ್ತದೆ. ಎಂಸಿಬಿಯ ಮೇಲೆ ಬಿ16, ಸಿ16 ಅಂತ ಬರೆದಿರುತ್ತದಲ್ಲ, ಆ ಅಕ್ಷರ ಹೇಳುವುದು ಈ ಸುರುಳಿಯ ಬಗ್ಗೆ. ಬಿ ಆದರೆ 3ರಿಂದ 5 ಪಟ್ಟು ಕರೆಂಟಿಗೆ ಎಳೆಯುತ್ತದೆ, ಸಿ ಆದರೆ 5ರಿಂದ 10 ಪಟ್ಟು, ಡಿ ಆದರೆ 10ರಿಂದ 20 ಪಟ್ಟು. ಮೋಟರು ಶುರುವಾಗುವಾಗ ಒಂದು ಕ್ಷಣ ಐದಾರು ಪಟ್ಟು ಎಳೆಯುವುದರಿಂದ ಅಲ್ಲಿ ಬಿ ಹಾಕಿದರೆ ಸುಮ್ಸುಮ್ನೆ ಬೀಳುತ್ತದೆ. ಅದಕ್ಕೇ ಸಿ, ಡಿ ಬೇಕು. ಈ ಅಕ್ಷರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದರ ಲೆಕ್ಕ ಬರುತ್ತದೆ.

ಪೆಟ್ಟಿಗೆಯಲ್ಲಿ ನನಗೆ ತುಂಬ ಇಷ್ಟವಾಗುವ ಭಾಗ ಮೂಲೆಯಲ್ಲಿದೆ. ಬಾಚಣಿಗೆಯ ಹಲ್ಲಿನ ಹಾಗೆ ಒಂದರ ಪಕ್ಕ ಒಂದು ನಿಲ್ಲಿಸಿದ ಉಕ್ಕಿನ ತಗಡುಗಳು. ಸುಟ್ಟ ಎಂಸಿಬಿಯಲ್ಲಿ ಅವುಗಳ ಮೇಲೆ ಕಪ್ಪು ಮಸಿ, ಅಂಚುಗಳಲ್ಲಿ ಲೋಹ ಕರಗಿ ಗಟ್ಟಿಯಾದ ಸಣ್ಣ ಮಣಿಗಳು. ಹರಿಯುತ್ತಿರುವ ಕರೆಂಟನ್ನು ಕಡಿಯುವುದು ಹಗ್ಗ ಕಡಿದಂತಲ್ಲ. ಕಾಂಟ್ಯಾಕ್ಟ್ ಬಿಟ್ಟರೂ ಕರೆಂಟ್ ಗಾಳಿಯಲ್ಲೇ ಜಿಗಿದು ಹರಿಯುತ್ತದೆ. ವೆಲ್ಡಿಂಗ್ ಮಾಡುವಾಗ ಕಾಣುವ ಬೆಳಕು ಅದೇ, ಸಾವಿರಾರು ಡಿಗ್ರಿ ಬಿಸಿ. ಆ ಕಿಡಿಯನ್ನು ಈ ತಗಡುಗಳ ನಡುವೆ ನೂಕಿ ತುಂಡು ತುಂಡು ಮಾಡಬೇಕು. ಒಂದೊಂದು ತುಂಡು ಕಿಡಿ ಉರಿಯಲು ಸುಮಾರು 25 ವೋಲ್ಟ್ ಬೇಕು. ಹನ್ನೆರಡೋ ಹದಿಮೂರೋ ತುಂಡಾದರೆ 300 ವೋಲ್ಟಿನ ಮೇಲಾಯಿತು. ನಮ್ಮ ಮನೆಯ 230 ವೋಲ್ಟ್ ಅಲೆ ತುದಿಯಲ್ಲಿ ಮುಟ್ಟುವುದೇ 325. ಕಿಡಿಯನ್ನು ಉರಿಸಿ ಸಾಕುವ ಶಕ್ತಿ ಸಾಲದೆ ಅದು ನಂದಿ ಹೋಗುತ್ತದೆ. ಜರ್ಮನಿಯ ಹ್ಯೂಗೊ ಸ್ಟಾಟ್ಸ್ ಇಂಥ ಪುಟ್ಟ ಬ್ರೇಕರಿಗೆ ಪೇಟೆಂಟ್ ಪಡೆದದ್ದು 1924ರಲ್ಲಿ. ನೂರು ವರ್ಷ ದಾಟಿದರೂ ಬಾಗುವ ಪಟ್ಟಿ, ಎಳೆಯುವ ಸುರುಳಿ ಎರಡೂ ಹಾಗೇ ಉಳಿದಿವೆ.

ಇನ್ನೊಂದು ಮಾತು. ಬೀಳುವ ಬ್ರೇಕರಿನ ಗುಬುಟನ್ನು ಎತ್ತಿ ಹಿಡಿದು ಟೇಪ್ ಸುತ್ತಿದ್ದನ್ನು ಎರಡು ಕಡೆ ನೋಡಿದ್ದೇನೆ. ಅದರಿಂದ ಪ್ರಯೋಜನ ಇಲ್ಲ. ಗುಬುಟು ಮೇಲಿದ್ದರೂ ಒಳಗಿನ ಕೊಕ್ಕೆ ಜಾರುವಂತೆಯೇ ಅದನ್ನು ಮಾಡಿರುತ್ತಾರೆ. ಮಾಡಿದವರು ನಮ್ಮ ಸ್ವಭಾವ ಗೊತ್ತಿದ್ದೇ ಮಾಡಿದ್ದಾರೆ.

ಈಗ ಲೆಕ್ಕಕ್ಕೆ ಬರೋಣ. ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಫೇಸ್ ತಂತಿ ಮುಟ್ಟಿದ ಮನುಷ್ಯನ ಮೈಯ ತಡೆ ಸುಮಾರು 1000 ಓಮ್ ಅಂದುಕೊಳ್ಳಿ. 230 ವೋಲ್ಟಿಗೆ ಅವನ ಮೈಯಲ್ಲಿ ಹರಿಯುವುದು 0.23 ಆಂಪ್ಸ್, ಅಂದರೆ 230 ಮಿಲಿಆಂಪ್ಸ್. ಹೃದಯ ನಿಲ್ಲಿಸಲು ಇದು ಬೇಕಾದಷ್ಟಾಯಿತು. ಆದರೆ 16 ಆಂಪ್ಸ್ ಎಂಸಿಬಿಗೆ ಇದು ಒಂದು ಟ್ಯೂಬ್‌ಲೈಟ್ ಹಾಕಿದ ಹಾಗೆ. ಮನುಷ್ಯ ತಂತಿಗೆ ಅಂಟಿಕೊಂಡು ಒದ್ದಾಡುತ್ತಿದ್ದರೂ ಎಂಸಿಬಿ ಬೀಳುವುದಿಲ್ಲ. ಅದು ಕೆಟ್ಟಿದೆ ಅಂತಲ್ಲ. ಅದು ತಂತಿಯನ್ನು ಕಾಯುವ ಸಾಮಾನು, ಮನುಷ್ಯನನ್ನಲ್ಲ. ಅಮೆರಿಕದ ಬರ್ಕ್ಲಿಯಲ್ಲಿ ಪಾಠ ಮಾಡುತ್ತಿದ್ದ ಚಾರ್ಲ್ಸ್ ಡಾಲ್ಝೀಲ್ ಅವರು, ಹಿಡಿದದ್ದನ್ನು ಮನುಷ್ಯ ತಾನೇ ಬಿಡಬಲ್ಲ ಕರೆಂಟ್ ಎಷ್ಟು ಅಂತ ಅಳೆದು ನೋಡಿದ್ದರು. ಗಂಡಸರಿಗೆ ಸರಾಸರಿ 16 ಮಿಲಿಆಂಪ್ಸ್, ಹೆಂಗಸರಿಗೆ ಹತ್ತೂವರೆ. ಅದರಾಚೆಗೆ ಕೈಯ ಸ್ನಾಯು ನಮ್ಮ ಮಾತು ಕೇಳುವುದಿಲ್ಲ. 16 ಆಂಪ್ಸ್‌ಗೂ 16 ಮಿಲಿಆಂಪ್ಸ್‌ಗೂ ನಡುವೆ ಸಾವಿರ ಪಟ್ಟು ದೂರ ಇದೆ.

'ಅರ್ಥಿಂಗ್ ಇದೆಯಲ್ಲ' ಅಂತ ಕೇಳುತ್ತಾರೆ. ಅದನ್ನೂ ನೋಡೋಣ. ಗೀಸರಿನ ಕಾಯಿಲ್ ಒಡೆದು ಅದರ ಮೈಗೆ ಫೇಸ್ ಬಂತು ಅಂದುಕೊಳ್ಳಿ. ಅರ್ಥ್ ತಂತಿಯಲ್ಲಿ ಕರೆಂಟ್ ನೆಲಕ್ಕೆ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಅನ್ನುವುದು ಅರ್ಥ್ ಗುಂಡಿಯ ಮೇಲಿದೆ. ಗುಂಡಿಯ ತಡೆ 20 ಓಮ್ ಇದ್ದರೆ ಇಳಿಯುವುದು ಹನ್ನೊಂದೂವರೆ ಆಂಪ್ಸ್. ನಮ್ಮ ಸಿ16 ಎಂಸಿಬಿ ಇದಕ್ಕೆ ಬೀಳುವುದೇ ಇಲ್ಲ. ಇವತ್ತಿಗೂ ಇಲ್ಲ, ನಾಳೆಗೂ ಇಲ್ಲ. ಗೀಸರಿನ ಮೈ, ನಲ್ಲಿ, ಶವರ್ ಎಲ್ಲದರಲ್ಲೂ ಕರೆಂಟ್ ನಿಂತೇ ಇರುತ್ತದೆ. ಸಿ16 ಫಟ್ಟನೆ ಬಿದ್ದೇ ಬೀಳುತ್ತದೆ ಅನ್ನಬೇಕಾದರೆ 160 ಆಂಪ್ಸ್ ಹರಿಯಬೇಕು. ಅದಕ್ಕೆ ಇಡೀ ದಾರಿಯ ತಡೆ ಒಂದೂವರೆ ಓಮ್‌ಗಿಂತ ಕಡಿಮೆ ಇರಬೇಕು. ಜಂಬಿಟ್ಟಿಗೆ ಕಲ್ಲು, ಬಂಡೆ ಇರುವ ಗುಡ್ಡದ ಮನೆಯಲ್ಲಿ ಒಂದು ಗುಂಡಿ ತೋಡಿ ಇದ್ದಿಲು, ಉಪ್ಪು ಹಾಕಿ ಆ ಅಂಕಿ ಮುಟ್ಟುವುದು ಆಗದ ಮಾತು. ಅದೂ ಜುಲೈಯಲ್ಲಿ ಒದ್ದೆ ನೆಲದಲ್ಲಿ ಬಂದ ತಡೆ, ಮಾರ್ಚಿನ ಒಣ ನೆಲದಲ್ಲಿ ಉಳಿಯುವುದಿಲ್ಲ.

ಮೂರನೆಯದು ತೋಟದ ಕೊನೆಯ ಮನೆಯ ಲೆಕ್ಕ. ಬೆಂಗಳೂರಿನ ಎಲೆಕ್ಟ್ರಿಷಿಯನ್‌ಗಳು '10 ಕೆಎ ಎಂಸಿಬಿ ಹಾಕಿ' ಅನ್ನುತ್ತಾರೆ. ಹತ್ತು ಸಾವಿರ ಆಂಪ್ಸ್ ಶಾರ್ಟ್ ಆದರೂ ಒಡೆಯದೆ ನಿಲ್ಲಿಸಬಲ್ಲದು ಅಂತ ಅರ್ಥ. ದೊಡ್ಡ ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲಿರುವ ಅಪಾರ್ಟ್‌ಮೆಂಟಿಗೆ ಅದು ಸರಿ. ನಮ್ಮಲ್ಲಿ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, 25 ಕೆವಿಎನೋ 63 ಕೆವಿಎನೋ ಇರುತ್ತದೆ. 63 ಕೆವಿಎ ಟಿಸಿಯ ಬುಡದಲ್ಲೇ ಶಾರ್ಟ್ ಮಾಡಿದರೂ ಸುಮಾರು ಎರಡು ಸಾವಿರ ಆಂಪ್ಸ್ ಬರಬಹುದು, ಅಷ್ಟೇ. ಅಲ್ಲಿಂದ ಲೈನು ಕಾಫಿ ತೋಟ, ಗದ್ದೆ ದಾಟಿಕೊಂಡು ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ಹೋಗಿ ಬರುವ ತಂತಿಯ ತಡೆ ಒಂದೂವರೆ ಓಮ್ ಆಯಿತು ಅಂದರೆ, ಕೊನೆಯ ಮನೆಯಲ್ಲಿ ಫೇಸು ನ್ಯೂಟ್ರಲ್ ಎರಡನ್ನೂ ನೇರವಾಗಿ ಜೋಡಿಸಿದರೂ ಹರಿಯುವುದು ಬರೀ 150 ಆಂಪ್ಸ್. ಅಲ್ಲಿ ಸಿ32 ಹಾಕಿದ್ದರೆ ಸುರುಳಿ ಎಳೆಯುವುದೇ ಇಲ್ಲ. ನಿಧಾನದ ಪಟ್ಟಿಯೇ ಬಾಗಿ ಬೀಳಿಸಬೇಕು. ಅಷ್ಟರಲ್ಲಿ ತಂತಿ ಕಾದು ಮಾಡಿನ ರೀಪು ಹೊಗೆಯಾಡಬಹುದು. ದೂರದ ಮನೆಗಳಿಗೆ ನಾನು ಬಿ16, ಬಿ10 ಹುಡುಕಿ ಹಾಕಿಸುವುದು ಇದಕ್ಕೇ. ಅಂಗಡಿಯಲ್ಲಿ ಸುಮ್ನೆ 'ಎಂಸಿಬಿ ಕೊಡಿ' ಅಂದರೆ ಕೈಗೆ ಬರುವುದು ಸಾಮಾನ್ಯವಾಗಿ ಸಿ. ಎರಡು ದಿನ ಕಾದು ಬಿ ತರಿಸಿಕೊಂಡರೆ ನಷ್ಟ ಇಲ್ಲ.

ಈ ಸಣ್ಣ ಕರೆಂಟನ್ನು ಕಾಣುವ ಸಾಮಾನು ಒಂದಿದೆ. ಅದೇ ಆರ್‌ಸಿಸಿಬಿ. ಹಳಬರು ಈಗಲೂ ಇಎಲ್‌ಸಿಬಿ ಅನ್ನುತ್ತಾರೆ. ಎಂಸಿಬಿಗೂ ಇದಕ್ಕೂ ಒಳಗೆ ಹೋಲಿಕೆ ಕಡಿಮೆ. ಇದರಲ್ಲಿ ಬಳೆಯಂಥ ಒಂದು ಕಬ್ಬಿಣದ ಉಂಗುರ ಇದೆ. ಫೇಸು, ನ್ಯೂಟ್ರಲ್ ಎರಡೂ ಅದರೊಳಗಿಂದ ಹೋಗುತ್ತವೆ. ಹೋದ ಕರೆಂಟೆಲ್ಲ ವಾಪಸ್ ಬಂದರೆ ಒಂದನ್ನೊಂದು ಕಳೆದು ಉಂಗುರದಲ್ಲಿ ಏನೂ ಉಳಿಯುವುದಿಲ್ಲ. ಒಬ್ಬರ ಮೈಯ ಮೂಲಕ ನೆಲಕ್ಕೆ ಸ್ವಲ್ಪ ಸೋರಿತು ಅಂದುಕೊಳ್ಳಿ, ಹೋದದ್ದಕ್ಕೂ ಬಂದದ್ದಕ್ಕೂ ತಾಳೆಯಾಗುವುದಿಲ್ಲ. ಆ ವ್ಯತ್ಯಾಸವೇ ಉಂಗುರಕ್ಕೆ ಸುತ್ತಿದ ಸಣ್ಣ ತಂತಿಯಲ್ಲಿ ಕರೆಂಟ್ ಹುಟ್ಟಿಸಿ ಕೊಕ್ಕೆ ಜಾರಿಸುತ್ತದೆ. ಮನೆಗೆ ಹಾಕುವುದು 30 ಮಿಲಿಆಂಪ್ಸಿನದು. 30 ಸೋರಿದರೆ 300 ಮಿಲಿಸೆಕೆಂಡಿನೊಳಗೆ ಬೀಳಬೇಕು, ಅದರ ಐದು ಪಟ್ಟು ಸೋರಿದರೆ 40 ಮಿಲಿಸೆಕೆಂಡಿನೊಳಗೆ. ಮೇಲೆ ಹೇಳಿದ ಒದ್ದೆ ಕೈಯ ಮನುಷ್ಯನಿಗೆ ಜೋರು ಶಾಕ್ ಹೊಡೆಯುತ್ತದೆ, ಆದರೆ ಹೃದಯದ ಒಂದು ಬಡಿತ ಮುಗಿಯುವ ಮೊದಲೇ ಕರೆಂಟ್ ಕಡಿದಿರುತ್ತದೆ. ಗೀಸರಿನ ಮೈಗೆ ಫೇಸ್ ಬಂದರೆ ಯಾರೂ ಮುಟ್ಟುವ ಮೊದಲೇ ಬೀಳುತ್ತದೆ. ಅರ್ಥ್ ಗುಂಡಿಯ ತಡೆ 20 ಓಮ್ ಇರಲಿ, 200 ಇರಲಿ, ಇದಕ್ಕೆ ಅಷ್ಟು ಸಾಕು.

ಇದಕ್ಕೂ ಮಿತಿ ಇದೆ. ಒಂದು ಕೈಯಲ್ಲಿ ಫೇಸು, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಉಂಗುರಕ್ಕೆ ಏನೂ ಗೊತ್ತಾಗುವುದಿಲ್ಲ. ಓವರ್‌ಲೋಡ್, ಶಾರ್ಟ್ ನೋಡುವುದೂ ಇದರ ಕೆಲಸವಲ್ಲ, ಜೊತೆಗೆ ಎಂಸಿಬಿ ಇರಲೇಬೇಕು. ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿಗೆ ಇವೆರಡೂ ಉತ್ತರವಲ್ಲ, ಅದಕ್ಕೆ ಸರ್ಜ್, ಅಂದರೆ ಒಮ್ಮೆಲೇ ನುಗ್ಗುವ ವೋಲ್ಟೇಜ್, ತಡೆಯುವ ಸಾಮಾನೇ ಬೇರೆ.

ಸರಿ, ಹಾಗಾದರೆ ಮಳೆಗಾಲದಲ್ಲಿ ಇದು ಸುಮ್ಸುಮ್ನೆ ಬೀಳುವುದು ಯಾಕೆ? ಸುಮ್ಮನೆ ಬೀಳುವುದು ಬಹಳ ಕಡಿಮೆ. ಕಳೆದ ಕಕ್ಕಡದಲ್ಲಿ ನಡೆದದ್ದನ್ನೇ ಹೇಳುತ್ತೇನೆ. ಪಕ್ಕದ ತೋಟದ ಲೈನ್ ಮನೆ, ಅಂದರೆ ಕೆಲಸದವರು ಇರುವ ಸಾಲುಮನೆ. ನಾಲ್ಕು ಮನೆ ಸಾಲಾಗಿವೆ, ನಾಲ್ಕಕ್ಕೂ ಸೇರಿ ಒಂದು ಆರ್‌ಸಿಸಿಬಿ. ವಾರದಿಂದ ನಿಲ್ಲುತ್ತಿಲ್ಲ. ಮಕ್ಕಳು ಟಾರ್ಚಿನ ಬೆಳಕಲ್ಲಿ ಊಟ ಮಾಡುತ್ತಿದ್ದಾರೆ. ಎಲೆಕ್ಟ್ರಿಷಿಯನ್ ಹುಡುಗ ಬೋರ್ಡಿನ ಮುಂದೆ ನಿಂತಿದ್ದ.

'ಅಣ್ಣಾ, ನಾಲ್ಕೂ ಎಂಸಿಬಿ ಇಳಿಸಿದೆ. ಆದ್ರೂ ಎತ್ತಿದ್ರೆ ಬೀಳ್ತದೆ. ಲೋಡೇ ಇಲ್ಲ, ಮತ್ತೆ ಎಲ್ಲಿಂದ ಲೀಕ್? ಈ ಸಾಮಾನೇ ಹೋಗಿದೆ. ತೆಗೆದು ಡೈರೆಕ್ಟ್ ಕೊಡ್ತೇನೆ.'

ಅವನ ಮಾತು ನ್ಯಾಯವಾಗಿಯೇ ಕಾಣುತ್ತದೆ. ಎಲ್ಲ ಇಳಿಸಿದ ಮೇಲೂ ಬಿದ್ದರೆ ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ತಪ್ಪು ಇರುವುದು ಒಂದು ಕಡೆ: ಮಾಮೂಲಿ ಸಿಂಗಲ್ ಪೋಲ್ ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ. ನ್ಯೂಟ್ರಲ್ ತಂತಿ ಇಳಿಸಿದ ಮೇಲೂ ಜೋಡಣೆಯಲ್ಲೇ ಇರುತ್ತದೆ. ಉದ್ದದ ಲೈನಿನ ಕೊನೆಯಲ್ಲಿ ನ್ಯೂಟ್ರಲ್ ಅಂದರೆ ಸೊನ್ನೆ ವೋಲ್ಟ್ ಅಲ್ಲ. ಬೇರೆ ಮನೆಗಳ ಹೊರೆಯಿಂದ ಅದರಲ್ಲಿ ಒಂದೆರಡು ವೋಲ್ಟ್, ಕೆಲವು ಸಲ ಐದಾರು ವೋಲ್ಟ್ ನಿಂತಿರುತ್ತದೆ. ಆ ನ್ಯೂಟ್ರಲ್ ಎಲ್ಲೋ ಅರ್ಥಿಗೆ ತಾಗಿದರೆ 30 ಮಿಲಿಆಂಪ್ಸ್ ಸೋರಲು ಅಷ್ಟು ಸಾಕು. ಕೆಳಗಿನ ಎಂಸಿಬಿ ಎತ್ತಿದ್ದರೂ ಇಳಿಸಿದ್ದರೂ ಆರ್‌ಸಿಸಿಬಿಗೆ ಅದು ಸೋರಿಕೆಯೇ.

ಮೇನ್ ಇಳಿಸಿ, ನ್ಯೂಟ್ರಲ್ ಪಟ್ಟಿಯಿಂದ ಒಂದೊಂದೇ ತಂತಿ ಬಿಡಿಸಿದೆವು. ಒಂದು ಬಿಡಿಸುವುದು, ಮೇನ್ ಎತ್ತಿ ನೋಡುವುದು. ಮೂರನೆಯದನ್ನು ಬಿಡಿಸಿದಾಗ ಆರ್‌ಸಿಸಿಬಿ ನಿಂತಿತು. ಆ ತಂತಿ ಹಿಡಿದು ಹೋದರೆ ಹಿಂದಿನ ಬಚ್ಚಲಿನ ಹೊರಗೋಡೆಯ ದೀಪ. ಕೆಳಗೆ ಕಬ್ಬಿಣದ ಜಂಕ್ಷನ್ ಪೆಟ್ಟಿಗೆ. ಮುಚ್ಚಳ ತೆಗೆದಾಗ ಅರ್ಧ ಲೋಟ ನೀರು ಸುರಿಯಿತು, ಜೊತೆಗೆ ಸತ್ತ ಇರುವೆಗಳು. ಹಳೇ ಬಟ್ಟೆ ಟೇಪು ಕೊಳೆತು, ನ್ಯೂಟ್ರಲ್ ಜಾಯಿಂಟ್ ಬೆತ್ತಲಾಗಿ ಅರ್ಥ್ ಮಾಡಿದ ಪೆಟ್ಟಿಗೆಗೆ ತಾಗಿಕೊಂಡಿತ್ತು. ಅದರಿಂದ ಅರ್ಧ ಇಂಚು ದೂರದಲ್ಲಿ ಫೇಸಿನ ಜಾಯಿಂಟ್, ಅದರ ಟೇಪೂ ಬಿಚ್ಚಿಕೊಳ್ಳುತ್ತಿತ್ತು. ಪೆಟ್ಟಿಗೆಯ ಕೆಳಗೇ ಬಟ್ಟೆ ಒಗೆಯುವ ಕಲ್ಲು. ಆರ್‌ಸಿಸಿಬಿ ವಾರವಿಡೀ ಹೇಳುತ್ತಿದ್ದದ್ದು ಇದನ್ನೇ. ನಾವು ಅದರ ಬಾಯಿ ಮುಚ್ಚಿಸಲು ಹೊರಟಿದ್ದೆವು.

ಹುಡುಗನನ್ನು ಬೈದು ಪ್ರಯೋಜನವಿಲ್ಲ. ಜೋರು ಮಳೆಯಲ್ಲಿ ಐದು ಮನೆಯವರು ಕಾಯುತ್ತಿರುತ್ತಾರೆ, ಹುಡುಕುವುದಕ್ಕೆ ಎರಡು ಗಂಟೆ ಬೇಕು, ಡೈರೆಕ್ಟ್ ಕೊಡುವುದಕ್ಕೆ ಎರಡು ನಿಮಿಷ. ತಪ್ಪು ಮೊದಲೇ, ಬೋರ್ಡ್ ಮಾಡಿದ ದಿನವೇ ಆಗಿರುತ್ತದೆ. ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಹಾಕಿದರೆ ಬಚ್ಚಲ ದೀಪದ ತಪ್ಪಿಗೆ ಫ್ರಿಜ್ಜೂ ನಿಲ್ಲುತ್ತದೆ, ಪಂಪೂ ನಿಲ್ಲುತ್ತದೆ. ಆಗ ಎಂಥ ತಾಳ್ಮೆಯವರೂ ಅದನ್ನು ಕಿತ್ತು ಹಾಕಿಸುತ್ತಾರೆ. ಅದೂ ಅಲ್ಲದೆ ಆರ್‌ಸಿಸಿಬಿಗೆ 30 ಅಂತ ಬರೆದಿದ್ದರೂ 15 ದಾಟಿದ ಮೇಲೆ ಅದು ಬೀಳಬಹುದು, ನಿಯಮವೇ ಹಾಗೆ. ಫ್ರಿಜ್ಜು, ಎಲ್‌ಇಡಿ, ಕಂಪ್ಯೂಟರ್, ಹಳೇ ಗೀಸರು ಎಲ್ಲ ಒಂದೊಂದು ಮಿಲಿಆಂಪ್ಸ್ ಸೋರಿಸಿದರೂ ಸೇರಿ ಏಳೆಂಟಾಗುತ್ತದೆ. ಅದರ ಮೇಲೆ ಮಳೆಗಾಲದ ತೇವ. ಇನ್ನು ಇನ್ವರ್ಟರ್. ನಮ್ಮಲ್ಲಿ ಇನ್ವರ್ಟರ್ ಇಲ್ಲದ ಮನೆ ಕಡಿಮೆ, ಅದರ ನ್ಯೂಟ್ರಲನ್ನು ಹತ್ತಿರ ಸಿಕ್ಕ ಯಾವುದೋ ನ್ಯೂಟ್ರಲಿಗೆ ಸೇರಿಸಿಬಿಟ್ಟಿರುತ್ತಾರೆ. ಒಂದು ದಾರಿಯಲ್ಲಿ ಹೋದ ಕರೆಂಟ್ ಇನ್ನೊಂದು ದಾರಿಯಲ್ಲಿ ಬಂದರೆ ಉಂಗುರದ ಲೆಕ್ಕ ತಪ್ಪುತ್ತದೆ, ಬೀಳುತ್ತದೆ.

ಮಡಿಕೇರಿಯಲ್ಲಿ ವರ್ಷದ ಮಳೆ 3000 ಮಿಲಿಮೀಟರ್ ದಾಟುತ್ತದೆ. ಅಂಥ ಊರಿನ ಮನೆಗೆ ಬೋರ್ಡ್ ಮಾಡುವಾಗ ಹೊರಗಿನ ದೀಪ, ಬಚ್ಚಲು, ಕಣ, ಪಂಪು ಇವಕ್ಕೆ ಒಂದು ಆರ್‌ಸಿಸಿಬಿ, ಮನೆಯ ಒಳಗಿನದಕ್ಕೆ ಇನ್ನೊಂದು ಹಾಕಬೇಕು. ಕೈಯಲ್ಲಿ ಕಾಸಿದ್ದರೆ ಒಂದೊಂದು ಸರ್ಕ್ಯೂಟಿಗೂ ಆರ್‌ಸಿಬಿಒ ಹಾಕಿಸಬಹುದು, ಅದರಲ್ಲಿ ಎಂಸಿಬಿಯೂ ಆರ್‌ಸಿಸಿಬಿಯೂ ಒಂದರಲ್ಲೇ ಇರುತ್ತವೆ. ಹೊರಗಿನ ಸರ್ಕ್ಯೂಟಿಗೆ ನ್ಯೂಟ್ರಲನ್ನೂ ಕಡಿಯುವ ಡಬಲ್ ಪೋಲ್ ಎಂಸಿಬಿ ಹಾಕಿದರೆ ಲೈನ್ ಮನೆಯಲ್ಲಿ ನಾವು ಪಟ್ಟ ಪಾಡು ತಪ್ಪುತ್ತದೆ. ಹೊಸದಾಗಿ ತೆಗೆದುಕೊಳ್ಳುವವರು ಟೈಪ್ ಎ ಆರ್‌ಸಿಸಿಬಿ ಕೇಳಿ. ಈಗಿನ ವಾಷಿಂಗ್ ಮೆಷಿನ್, ಚಾರ್ಜರ್‌ಗಳ ಸೋರಿಕೆಯನ್ನು ಹಳೇ ಟೈಪ್ ಎಸಿ ಸರಿಯಾಗಿ ಹಿಡಿಯುವುದಿಲ್ಲ.

ಕಾನೂನು ಏನು ಹೇಳುತ್ತದೆ? ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ತಂದ ಸುರಕ್ಷತಾ ನಿಯಮದಲ್ಲಿ ಮನೆಗಳಿಗೆ 30 ಮಿಲಿಆಂಪ್ಸಿನ ಸೋರಿಕೆ ರಕ್ಷಣೆ ಬೇಕು ಅಂತ ಇತ್ತು. ಆದರೆ 5 ಕಿಲೋವ್ಯಾಟ್‌ಗಿಂತ ಕಡಿಮೆ ಹೊರೆಯ ಸಿಂಗಲ್ ಫೇಸ್ ಮನೆಗಳನ್ನು ಅದು ಹೊರಗಿಟ್ಟಿತ್ತು. ಅಂದರೆ ಹೋಂಸ್ಟೇಗೆ ಬೇಕಿತ್ತು, ಅದರ ಹಿಂದಿನ ಲೈನ್ ಮನೆಗೆ ಬೇಡವಾಗಿತ್ತು. ನನಗೆ ಈ ಗೆರೆ ಯಾವತ್ತೂ ಸರಿ ಕಂಡಿಲ್ಲ. ಹೊರೆ ಕಡಿಮೆ ಇದ್ದ ಮಾತ್ರಕ್ಕೆ ಶಾಕ್ ಕಡಿಮೆ ಆಗುವುದಿಲ್ಲ. ಮಣ್ಣಿನ ನೆಲ, ಬರಿಗಾಲು, ತೇಪೆ ಹಾಕಿದ ತಂತಿ, ದಪ್ಪ ತಾಮ್ರದ ತಂತಿ ಕಟ್ಟಿದ ಕಿಟ್‌ಕ್ಯಾಟ್ ಫ್ಯೂಸು ಇವೆಲ್ಲ ಇರುವುದು ಲೈನ್ ಮನೆಯಲ್ಲೇ. ಕೆಲಸಕ್ಕೆ ಬಂದವರು ದೂರದ ಊರಿನವರು, ಬೋರ್ಡಿನಲ್ಲಿ ಏನಿದೆ ಅಂತ ಕೇಳುವ ಧೈರ್ಯವೂ ಅವರಿಗಿರುವುದಿಲ್ಲ. ಕೇಳಬೇಕಾದವರು, ಹಾಕಿಸಬೇಕಾದವರು ತೋಟದವರಾದ ನಾವೇ.

ಮನೆಯಿಂದ ಹೊರಗೆ ಬಂದರೂ ಇದೇ ಕಥೆ, ಅಂಕಿ ಮಾತ್ರ ದೊಡ್ಡದು. ಸಬ್ ಸ್ಟೇಷನ್ನಿನಲ್ಲಿ 11 ಕೆವಿ ಫೀಡರಿಗೆ, ಅಂದರೆ ಅಲ್ಲಿಂದ ಊರುಗಳಿಗೆ ಹೊರಡುವ ಲೈನಿಗೆ, ಇರುವುದು ವ್ಯಾಕ್ಯೂಮ್ ಬ್ರೇಕರ್, ಅಲ್ಲಿಯವರ ಬಾಯಲ್ಲಿ ವಿಸಿಬಿ. ಹಳೇ ಕಾಲದಲ್ಲಿ ಎಣ್ಣೆಯೊಳಗೆ ಕಿಡಿ ನಂದಿಸುತ್ತಿದ್ದರು. ವಿಸಿಬಿಯಲ್ಲಿ ಫ್ಲಾಸ್ಕಿನಷ್ಟು ದೊಡ್ಡ ಪಿಂಗಾಣಿ ಬಾಟಲಿ, ಒಳಗೆ ಗಾಳಿಯೇ ಇಲ್ಲ. ತಾಮ್ರ ಮತ್ತು ಕ್ರೋಮಿಯಂ ಬೆರೆಸಿದ ಎರಡು ಬಿಲ್ಲೆಗಳು ಸುಮಾರು ಒಂದು ಸೆಂಟಿಮೀಟರ್ ದೂರ ಸರಿದರೆ ಸಾಕು, 11 ಸಾವಿರ ವೋಲ್ಟ್ ನಿಲ್ಲುತ್ತದೆ. ನಮ್ಮ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುತ್ತದೆ. ಆ ಸೊನ್ನೆಯ ಕ್ಷಣದಲ್ಲಿ ಕಿಡಿ ಆರುತ್ತದೆ, ಮತ್ತೆ ಹೊತ್ತಿಕೊಳ್ಳಲು ಒಳಗೆ ಗಾಳಿ ಇಲ್ಲ. ಇನ್ನೂ ದೊಡ್ಡ ವೋಲ್ಟೇಜಿನ ಸ್ಟೇಷನ್‌ಗಳಲ್ಲಿ ಎಸ್ಎಫ್6 ಅನಿಲ ತುಂಬಿದ ಬ್ರೇಕರುಗಳಿವೆ. ಆ ಅನಿಲ ಇಂಗಾಲದ ಡೈಆಕ್ಸೈಡಿಗಿಂತ 20 ಸಾವಿರ ಪಟ್ಟಿಗೂ ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ. ಅದಕ್ಕೇ ಯುರೋಪಿನಲ್ಲಿ 24 ಕೆವಿವರೆಗಿನ ಹೊಸ ಸಾಮಾನಿನಲ್ಲಿ ಅದನ್ನು 2026ರ ಜನವರಿಯಿಂದ ನಿಲ್ಲಿಸುವ ಕಾನೂನು ಮಾಡಿದ್ದಾರೆ.

ವಿಸಿಬಿ ತಾನಾಗಿ ಏನೂ ನಿರ್ಧರಿಸುವುದಿಲ್ಲ, ಕರೆಂಟನ್ನು ಗಮನಿಸುತ್ತಿರುವ ರಿಲೇ ಹೇಳಿದರೆ ತೆರೆಯುತ್ತದೆ. ರಿಲೇಗೂ ಒಂದು ಅಂಕಿ ಹಾಕಿಟ್ಟಿರುತ್ತಾರೆ. ನೆಲಕ್ಕೆ 40 ಆಂಪ್ಸ್ ಇಳಿದರೆ ಟ್ರಿಪ್ ಮಾಡು ಅಂತ ಇಟ್ಟಿದ್ದರೆ, 39ಕ್ಕೆ ಅದು ಸುಮ್ಮನಿರುತ್ತದೆ. ತುಂಡಾದ ತಂತಿ ನೆಲಕ್ಕೆ ಬಿದ್ದಾಗ ಎಷ್ಟು ಹರಿಯುತ್ತದೆ? ಅಮೆರಿಕದಲ್ಲಿ 12.5 ಕೆವಿ ಲೈನಿನ ಮೇಲೆ ಪ್ರಯೋಗ ಮಾಡಿ ಕೊಟ್ಟ ಅಂಕಿಗಳನ್ನು ಈ ವಿಷಯ ಓದಿದವರೆಲ್ಲ ಬಲ್ಲರು: ಒಣ ಮರಳಿನ ಮೇಲೆ ಬಿದ್ದರೆ ಸೊನ್ನೆ, ಒದ್ದೆ ಮರಳಿನ ಮೇಲೆ 15 ಆಂಪ್ಸ್, ಒದ್ದೆ ಹುಲ್ಲಿನ ಮೇಲೆ 50. ನಮ್ಮ 11 ಕೆವಿಯೂ ಅದರ ಆಸುಪಾಸಿನದ್ದೇ. ತಂತಿ ಕಾಫಿ ಗಿಡದ ಮೇಲೋ ಬಂಡೆಯ ಮೇಲೋ ಬಿದ್ದರೆ ರಿಲೇಗೆ ಕಾಣದಷ್ಟು ಕಡಿಮೆ ಹರಿಯಬಹುದು. ತಂತಿ ನೆಲದಲ್ಲಿ ಬಿದ್ದಿರುತ್ತದೆ, ಅದರಲ್ಲಿ ಜೀವ ಇರುತ್ತದೆ, ಊರಿನ ಅರ್ಧ ಭಾಗಕ್ಕೆ ದೀಪವೂ ಉರಿಯುತ್ತಿರುತ್ತದೆ. ಬಿದ್ದ ತಂತಿ ಅಂದರೆ ಸತ್ತ ತಂತಿ ಅಂತ ನಂಬಬೇಡಿ. ಹತ್ತಾರು ಅಡಿ ದೂರ ನಿಂತು, ದನಕರು ಹೋಗದ ಹಾಗೆ ನೋಡಿಕೊಂಡು 1912ಕ್ಕೆ ಫೋನ್ ಮಾಡಿ. ಟ್ರಿಪ್ ಆಗಿದ್ದರೂ ಭರವಸೆ ಇಲ್ಲ. ಕೊಂಬೆ ತಾಗಿ ಸರಿದಿರಬಹುದು ಅಂತ ಬ್ರೇಕರನ್ನು ಒಂದೆರಡು ಸಲ ಮತ್ತೆ ಚಾರ್ಜ್ ಮಾಡಿ ನೋಡುವುದು ಎಲ್ಲ ಕಡೆ ಇರುವ ಪದ್ಧತಿ, ಕೆಲವು ಕಡೆ ಆಟೋ ರಿಕ್ಲೋಸರ್ ಅದನ್ನು ತಾನೇ ಮಾಡುತ್ತದೆ. ಮರ ಜಾಸ್ತಿ ಇರುವ ಊರಿನಲ್ಲಿ ಅದು ಒಳ್ಳೆಯದೇ, ಇಲ್ಲದಿದ್ದರೆ ಪ್ರತಿ ಕೊಂಬೆಗೂ ರಾತ್ರಿಯಿಡೀ ಕತ್ತಲೆ. ಆದರೆ ನೆಲದಲ್ಲಿ ಬಿದ್ದ ತಂತಿಗೆ ಮತ್ತೆ ಕರೆಂಟ್ ಬರುವುದೂ ಹಾಗೆಯೇ. ನಮ್ಮಂಥ ಫೀಡರುಗಳಿಗೆ, ಕೆಲವೇ ಆಂಪ್ಸ್ ಸೋರಿದರೂ ಗುರುತಿಸುವ ಸೂಕ್ಷ್ಮ ಅರ್ಥ್ ಫಾಲ್ಟ್ ರಿಲೇ ಬೇಕು. ಜಾಸ್ತಿ ಟ್ರಿಪ್ ಆಗುತ್ತದೆ, ಬೈಗುಳ ಬರುತ್ತದೆ. ಆ ಬೈಗುಳವನ್ನು ನಿಗಮದವರ ಮೇಲೆ ಹಾಕದೆ ತಡೆದುಕೊಳ್ಳುವುದು ನಮ್ಮ ಪಾಲು.

ಯಾವ ಬ್ರೇಕರಿನಿಂದಲೂ ಆಗದ ಕೆಲಸ ಒಂದಿದೆ. ಕರಿಮೆಣಸು ಕೊಯ್ಯುವ ಕಾಲದಲ್ಲಿ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಕಾರ್ಮಿಕರು ತೀರಿಕೊಂಡ ಸುದ್ದಿ ಓದದವರು ಕೊಡಗಿನಲ್ಲಿ ಯಾರಿದ್ದಾರೆ? 11 ಕೆವಿ ಲೈನಿನಲ್ಲಿ ಒಂದು ತಂತಿಗೂ ನೆಲಕ್ಕೂ ನಡುವೆ 6,350 ವೋಲ್ಟ್. ಏಣಿ ಹಿಡಿದವನ ಮೈಯಲ್ಲಿ ಮಿಲಿಆಂಪ್ಸ್ ಅಲ್ಲ, ಆಂಪ್ಸ್‌ಗಟ್ಟಲೆ ಹರಿಯುತ್ತದೆ. ರಿಲೇ ಕಂಡರೂ, ಅರ್ಧ ಸೆಕೆಂಡೋ ಒಂದು ಸೆಕೆಂಡೋ ಆದ ಮೇಲೆ ವಿಸಿಬಿ ತೆರೆಯುತ್ತದೆ. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಇಲ್ಲಿ ನಿಯಮದ ಅಂಕಿಯನ್ನೇ ನೋಡಿ. ರಸ್ತೆ ಇಲ್ಲದ ಜಾಗದಲ್ಲಿ 11 ಕೆವಿ ಬೋಳು ತಂತಿ ನೆಲದಿಂದ ಕನಿಷ್ಠ 4.6 ಮೀಟರ್ ಎತ್ತರ ಇದ್ದರೆ ಸಾಕು. ಹದಿನೈದು ಅಡಿ. ಸಿಲ್ವರ್ ಓಕಿಗೆ ಹಬ್ಬಿದ ಮೆಣಸು ಕೊಯ್ಯುವ ಏಣಿ ಇಪ್ಪತ್ತು, ಇಪ್ಪತ್ತೈದು ಅಡಿ. ನಿಯಮದಂತೆ ಸರಿಯಾಗಿರುವ ಲೈನು ಕೂಡ ನಮ್ಮ ಏಣಿಗಿಂತ ಕೆಳಗಿದೆ. ಆ ನಿಯಮ ಬರೆದವರ ಕಣ್ಣ ಮುಂದೆ ಹೊಲ ಗದ್ದೆ ಇತ್ತು, ಮೆಣಸಿನ ತೋಟ ಇರಲಿಲ್ಲ. ತೋಟದೊಳಗಿನ ಲೈನಿಗೆ ಹೊದಿಕೆ ಇರುವ ತಂತಿ ಹಾಕಬೇಕು, ಇಲ್ಲವೇ ಎತ್ತರಿಸಬೇಕು. ಅದು ಆಗುವ ತನಕ ನಮ್ಮ ಕೈಯಲ್ಲಿರುವುದು ಫೈಬರ್ ಏಣಿ, ಚೆನ್ನಾಗಿ ಒಣಗಿದ ಬಿದಿರಿನ ಏಣಿ, ಮತ್ತು ಲೈನಿನ ಕೆಳಗಿನ ಸಾಲಿನಲ್ಲಿ ಏಣಿ ನಿಲ್ಲಿಸಿಕೊಂಡು ನಡೆಯಬಾರದು ಅನ್ನುವ ಕಟ್ಟುಪಾಡು. ಏಣಿಯನ್ನು ಮಲಗಿಸಿ ಇಬ್ಬರು ಹೊತ್ತುಕೊಂಡು ಹೋಗಬೇಕು. ಬಿದಿರೂ ಒದ್ದೆಯಾದರೆ ಕರೆಂಟ್ ಹರಿಸುತ್ತದೆ, ಅದನ್ನು ಮರೆಯುವಂತಿಲ್ಲ.

ಆರ್‌ಸಿಸಿಬಿಯ ಮೇಲೆ 'ಟಿ' ಅಂತ ಒಂದು ಸಣ್ಣ ಗುಂಡಿ ಇರುತ್ತದೆ. ಒತ್ತಿದರೆ ಅದು ಒಳಗೇ ಸ್ವಲ್ಪ ಕರೆಂಟ್ ಸೋರಿಸಿ ತನ್ನನ್ನೇ ಪರೀಕ್ಷಿಸಿಕೊಳ್ಳುತ್ತದೆ. ಬೀಳಬೇಕು. ಒಳಗಿನ ರಿಲೇಯಲ್ಲಿ ನುಣುಪಾದ ಎರಡು ಲೋಹದ ಮುಖ ಒಂದಕ್ಕೊಂದು ಕೂತಿರುತ್ತವೆ, ನಮ್ಮಲ್ಲಿಯಂಥ ತೇವದಲ್ಲಿ ವರ್ಷಗಟ್ಟಲೆ ಅಲ್ಲಾಡದಿದ್ದರೆ ಅಂಟಿಕೊಂಡುಬಿಡಬಹುದು. ತಿಂಗಳಿಗೊಮ್ಮೆ ಒತ್ತಬೇಕು ಅನ್ನುವುದು ಅದಕ್ಕೆ. ನಮ್ಮ ಮನೆಯಲ್ಲಿ ಕರೆಂಟ್ ಬಿಲ್ ಬಂದ ದಿನ ಒತ್ತುತ್ತೇವೆ, ಪಕ್ಕದ ಲೈನ್ ಮನೆಯಲ್ಲಿ ಆ ಕೆಲಸವನ್ನು ಎರಡನೇ ಮನೆಯ ಅಕ್ಕ ವಹಿಸಿಕೊಂಡಿದ್ದಾರೆ. ಕಳೆದ ತಿಂಗಳು ಅಲ್ಲಿ ಈಗಿರುವ ಎರಡು ಆರ್‌ಸಿಸಿಬಿಯೂ 'ಟಕ್' ಅಂತ ಬಿದ್ದವು. ನಮ್ಮ ಪಂಪ್ ಹೌಸಿನದು ಬೀಳಲಿಲ್ಲ. ಇನ್ನೊಮ್ಮೆ ಒತ್ತಿದೆ, ಆಗಲೂ ಬೀಳಲಿಲ್ಲ. ಪಂಪ್ ಹೌಸಿಗೆ ಬೀಗ ಹಾಕಿ, ಮಾರನೇ ದಿನ ಹೊಸದು ತಂದು ಹಾಕಿದೆ.